ರೇಡಿಯೊ ಬೆಂಚು: ಒಂದು ಸ್ಟೇಷನ್, ಐದು ಯಜಮಾನರು

ಕಳೆದ ಸಂಚಿಕೆಯಲ್ಲಿ ಹಳೆ ಮೀಡಿಯಂ ವೇವ್ ಸೆಟ್ಟುಗಳ ರಿಪೇರಿ ಬಗ್ಗೆ ಬರೆದಿದ್ದೆ. ಈ ಸಲವೂ ಗ್ಯಾಂಗ್ ಕಂಡೆನ್ಸರ್, ಡಯಲ್ ದಾರ, ಸ್ಪೀಕರ್ ಅಂತಲೇ ಪತ್ರ ಬರುತ್ತವೆ ಅಂದುಕೊಂಡಿದ್ದೆ. ಬಂದದ್ದು ಬೇರೆ. ನಿಮ್ಮಲ್ಲಿ ಹೆಚ್ಚಿನವರು ಕೇಳಿರುವುದು ಸೆಟ್ಟಿನ ಬಗ್ಗೆ ಅಲ್ಲ, ಸ್ಟೇಷನ್ ಬಗ್ಗೆ. ಅದು ಯಾರದ್ದು, ಯಾವಾಗ ಯಾರ ಕೈಗೆ ಹೋಯಿತು, ಹಾಡು ಯಾಕೆ ನಿಂತಿತು, ಯಾಕೆ ಮತ್ತೆ ಬಂತು, ಮುಂದೆ ಇರುತ್ತಾ ಇಲ್ವಾ. ನಾನು ಅಪ್ಪನ ಪಕ್ಕ ಸ್ಟೂಲ್ ಹಾಕಿಕೊಂಡು ಸಾಲ್ಡರಿಂಗ್ ಕಲಿತವಳು. ಅಂಗಡಿಗೆ ಬಂದವರೆಲ್ಲ ಸ್ಟೇಷನ್ನಿನ ಸುದ್ದಿಯನ್ನೂ ಜೊತೆಗೆ ತರುತ್ತಿದ್ದರು. ಹಾಗಾಗಿ ಈ ಪ್ರಶ್ನೆಗಳು ನನಗೂ ಇಷ್ಟದವೇ.

ಅಕ್ಕಾವ್ರೇ, ಮೈಸೂರು ಆಕಾಶವಾಣಿ ಮೊದಲು ಖಾಸಗಿಯವರದ್ದಾಗಿತ್ತು ಅಂತ ಮೊಮ್ಮಗಳಿಗೆ ಹೇಳಿದೆ. ಅವಳು ಒಪ್ಪುತ್ತಿಲ್ಲ. ಖಾಸಗಿ ರೇಡಿಯೊ ಬಂದದ್ದೇ 2001ರಲ್ಲಿ ಅಂತಾಳೆ. ಯಾರು ಸರಿ?
*ನಿವೃತ್ತ ಶಿಕ್ಷಕರು, ಚಾಮರಾಜನಗರ*

ಇಬ್ಬರೂ ಸರಿ, ಮೇಷ್ಟ್ರೇ. ಈಗಿನ ಲೈಸೆನ್ಸ್ ಪದ್ಧತಿಯ ಖಾಸಗಿ ಎಫ್‌ಎಂ ದೇಶದಲ್ಲಿ ಮೊದಲು ಶುರುವಾದದ್ದು 2001ರಲ್ಲಿ, ಅದೂ ನಮ್ಮ ಬೆಂಗಳೂರಿನಲ್ಲೇ, ರೇಡಿಯೊ ಸಿಟಿ. ನಿಮ್ಮ ಮೊಮ್ಮಗಳು ಹೇಳುತ್ತಿರುವುದು ಅದನ್ನೇ. ಆದರೆ ಅದಕ್ಕಿಂತ ಅರವತ್ತಾರು ವರ್ಷ ಮೊದಲು, 1935ರ ಸೆಪ್ಟೆಂಬರ್ 10ರಂದು, ಮೈಸೂರಿನಲ್ಲಿ ಒಬ್ಬ ಕಾಲೇಜು ಮೇಷ್ಟ್ರು ತಮ್ಮ ಮನೆಯಿಂದಲೇ ಸ್ಟೇಷನ್ ಶುರು ಮಾಡಿದ್ದರು. ಅವರು ಡಾ. ಎಂ. ವಿ. ಗೋಪಾಲಸ್ವಾಮಿ, ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಮನೆಯ ಹೆಸರು ವಿಠಲ ವಿಹಾರ. ಈಗಿನ ಆಕಾಶವಾಣಿ ಕಟ್ಟಡಕ್ಕೂ ಆ ಮನೆಗೂ ಕೂಗಳತೆ ದೂರ.

ಆ ಟ್ರಾನ್ಸ್‌ಮಿಟರಿನ ಶಕ್ತಿ ನೂರು ವ್ಯಾಟನ್ನೂ ಮುಟ್ಟುತ್ತಿರಲಿಲ್ಲ. ಹಳೆ ಕಾಲದ ಒಂದು ಗುಂಡು ಬಲ್ಬ್ ತಿನ್ನುವಷ್ಟು ಕರೆಂಟನ್ನೂ ಅದು ಗಾಳಿಗೆ ಕಳಿಸುತ್ತಿರಲಿಲ್ಲ ಅಂದರೆ ಲೆಕ್ಕ ಹಾಕಿ. ಆಗ ಬೆಂಗಳೂರಿನಲ್ಲಿ ರೇಡಿಯೊ ಸ್ಟೇಷನ್ ಇಲ್ಲ. ಧಾರವಾಡದಲ್ಲಿ ಇಲ್ಲ. ಆಲ್ ಇಂಡಿಯಾ ರೇಡಿಯೊ ಅನ್ನುವ ಹೆಸರು ಬಂದದ್ದೇ ಮುಂದಿನ ವರ್ಷ, 1936ರ ಜೂನ್‌ನಲ್ಲಿ. ಸುತ್ತಮುತ್ತ ನೋಡಿ ಕಲಿಯೋಣ ಅಂದರೂ ಉದಾಹರಣೆ ಕಡಿಮೆ. ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಅಂತ ಒಂದು ಖಾಸಗಿ ಕಂಪನಿ 1927ರಲ್ಲಿ ಮುಂಬಯಿ, ಕಲ್ಕತ್ತಗಳಲ್ಲಿ ಸ್ಟೇಷನ್ ತೆರೆದು, ದುಡ್ಡು ಸಾಲದೆ 1930ರಲ್ಲಿ ಮುಳುಗಿತ್ತು. ಮದರಾಸಿನಲ್ಲಿ ಹವ್ಯಾಸಿಗಳ ಕ್ಲಬ್ಬೊಂದು 1924ರಿಂದ ನಡೆಸಿ, ಕೈಲಾಗದೆ ನಿಲ್ಲಿಸಿತ್ತು. ಆಮೇಲೆ ಅಲ್ಲಿನ ಕಾರ್ಪೊರೇಷನ್ ಆ ಕೆಲಸ ಎತ್ತಿಕೊಂಡಿತು. ಇಷ್ಟೆಲ್ಲ ಗೊತ್ತಿದ್ದೂ ಒಬ್ಬ ಮೇಷ್ಟ್ರು ಕೈಯಿಂದ ದುಡ್ಡು ಹಾಕಿ ಶುರು ಮಾಡಿದರಲ್ಲ, ಆ ಧೈರ್ಯ ದೊಡ್ಡದು. ಜಾಹೀರಾತಿನ ಲಾಭ ನೋಡಿ ಇಳಿದವರಲ್ಲ ಅವರು. ಊರಿನ ಸಂಗೀತ, ಊರಿನ ವಿದ್ವಾಂಸರ ಮಾತು ಊರವರ ಮನೆಗೆ ತಲುಪಲಿ ಅನ್ನುವುದೇ ಅವರ ಆಸೆ.

ಸುಮಾರು ಆರು ವರ್ಷ ಅವರು ಸ್ವಂತ ದುಡ್ಡು, ಊರವರ ನೆರವು ಸೇರಿಸಿ ನಡೆಸಿದರು. ಆಮೇಲೆ ಅದು ಮೈಸೂರು ಪುರಸಭೆಗೆ ಹೋಯಿತು. ಅಲ್ಲಿಂದ ಮಹಾರಾಜರ ಸರ್ಕಾರಕ್ಕೆ. 1940ರ ದಶಕ ಶುರುವಾದ ಹೊತ್ತಿಗೇ ಇದೆಲ್ಲ ಆಗಿಹೋಯಿತು. 'ಆಕಾಶವಾಣಿ' ಅನ್ನುವ ಹೆಸರು ಆಗಲೇ ಅದಕ್ಕಿತ್ತು. ಅಲ್ಲಿ ಕೆಲಸ ಮಾಡಿದ ನಾ. ಕಸ್ತೂರಿಯವರೇ ಅದನ್ನು ಸೂಚಿಸಿದ್ದು ಅಂತ ಹಿರಿಯರು ಹೇಳುತ್ತಾರೆ. ಮುಂದೆ ದೇಶದ ರೇಡಿಯೊ ಇಡೀ ಅದೇ ಹೆಸರು ಹಿಡಿಯಿತು.

ದೇಶ ಒಂದಾದ ಮೇಲೆ 1950ರ ಏಪ್ರಿಲ್ 1ರಂದು ಸಂಸ್ಥಾನಗಳ ಸ್ಟೇಷನ್ನುಗಳನ್ನು ಆಲ್ ಇಂಡಿಯಾ ರೇಡಿಯೊ ವಹಿಸಿಕೊಂಡಿತು. ಮೈಸೂರು, ಹೈದರಾಬಾದ್, ತಿರುವನಂತಪುರ ಎಲ್ಲವೂ ಅದೇ ದಿನ. ನಾಲ್ಕನೇ ಯಜಮಾನರು ದೆಹಲಿಯಲ್ಲಿದ್ದರು. ಐದನೆಯದು 1997ರಲ್ಲಿ ಬಂದ ಪ್ರಸಾರ ಭಾರತಿ. ಅದರ ಕಾಯ್ದೆ 1990ರಲ್ಲೇ ಪಾಸಾಗಿತ್ತು, ಜಾರಿಗೆ ಬರಲು ಏಳು ವರ್ಷ ಹಿಡಿಯಿತು. ಹೆಸರಿಗೆ ಸ್ವಾಯತ್ತ ಸಂಸ್ಥೆಯಾದರೂ ಖರ್ಚಿನ ದೊಡ್ಡ ಪಾಲು ಇವತ್ತಿಗೂ ಕೇಂದ್ರ ಸರ್ಕಾರದಿಂದಲೇ.

ಈಗ ನಾನು ಹೇಳಬೇಕಾದ ಮಾತು ಇದು, ಮೇಷ್ಟ್ರೇ. ಮೇಷ್ಟ್ರ ಮನೆಯಿಂದ ಪುರಸಭೆಗೆ, ಪುರಸಭೆಯಿಂದ ಅರಮನೆ ಸರ್ಕಾರಕ್ಕೆ, ಅಲ್ಲಿಂದ ದೆಹಲಿಗೆ ಹೋದಾಗಲೂ ಕೇಳುಗರಿಗೆ ದೊಡ್ಡ ನಷ್ಟ ಆಗಲಿಲ್ಲ. ಹಾಡುವವರು ಮೈಸೂರಿನವರು, ಮಾತಾಡುವವರು ಮೈಸೂರಿನವರು, ಮೈಕು ಮೈಸೂರಿನಲ್ಲಿ. ನಷ್ಟ ಆದದ್ದು 1955ರಲ್ಲಿ, ಸ್ಟೇಷನ್ನನ್ನೇ ಬೆಂಗಳೂರಿಗೆ ಎತ್ತಿಕೊಂಡು ಹೋದಾಗ. ಆಗ ಯಜಮಾನರು ಬದಲಾಗಿರಲಿಲ್ಲ, ನೋಡಿ. ಆದ್ದರಿಂದ ಯಾರಾದರೂ ನನ್ನ ಹತ್ತಿರ 'ಈ ಸ್ಟೇಷನ್ ಯಾರದ್ದು' ಅಂತ ಕೇಳಿದರೆ ನಾನು ಮೊದಲು ಕೇಳುವುದು, ಅದರ ಮೈಕು ಯಾವ ಊರಿನಲ್ಲಿದೆ ಅಂತ.

1955ರಿಂದ ಮೈಸೂರಿನಲ್ಲಿ ಸ್ಟೇಷನ್ ಇರಲಿಲ್ಲ ಅಂದ್ರೆ ಜನ ಏನು ಕೇಳ್ತಿದ್ರು? ನಮ್ಮ ಅಜ್ಜಿ ಸಿಲೋನ್ ಸಿಲೋನ್ ಅಂತಿದ್ರು.
*ಕಾಲೇಜು ವಿದ್ಯಾರ್ಥಿನಿ, ನಂಜನಗೂಡು*

ಅಜ್ಜಿ ಸರಿಯಾಗೇ ಹೇಳಿದ್ದಾರಮ್ಮ. ವಾರ್ತೆಗೆ, ಸಂಗೀತಕ್ಕೆ, ನಾಟಕಕ್ಕೆ ಬೆಂಗಳೂರು. ಸಿನಿಮಾ ಹಾಡಿಗೆ ಸಿಲೋನ್, ಅಂದರೆ ಈಗಿನ ಶ್ರೀಲಂಕಾದ ರೇಡಿಯೊ.

1952ರಿಂದ ಹತ್ತು ವರ್ಷ ಕೇಂದ್ರದ ವಾರ್ತಾ ಮತ್ತು ಪ್ರಸಾರ ಖಾತೆ ನೋಡಿಕೊಂಡವರು ಬಿ. ವಿ. ಕೇಸ್ಕರ್. ಅವರಿಗೆ ಶಾಸ್ತ್ರೀಯ ಸಂಗೀತದ ಮೇಲೆ ಬಹಳ ಪ್ರೀತಿ, ಸಿನಿಮಾ ಹಾಡು ಹಗುರ ಅನ್ನುವ ಅಭಿಪ್ರಾಯ. ಆಕಾಶವಾಣಿಯಲ್ಲಿ ಸಿನಿಮಾ ಹಾಡು ಹೆಚ್ಚುಕಡಿಮೆ ಮಾಯವಾಯಿತು. ಕೇಳುಗರೇನು ಸುಮ್ನೆ ಕೂತರಾ? ಇಲ್ಲ. ಮುಳ್ಳನ್ನು ಶಾರ್ಟ್ ವೇವ್ ಕಡೆ ತಿರುಗಿಸಿದರು. ರೇಡಿಯೊ ಸಿಲೋನ್‌ನಲ್ಲಿ ಅಮೀನ್ ಸಯಾನಿಯವರ 'ಬಿನಾಕಾ ಗೀತ್ ಮಾಲಾ' 1952ರಲ್ಲೇ ಶುರುವಾಗಿತ್ತು. ಜಾಹೀರಾತಿನ ದುಡ್ಡೂ ಸಮುದ್ರ ದಾಟಿ ಅಲ್ಲಿಗೆ ಹೋಯಿತು.

ಅಂಗಡಿಗೆ ಬರುವ ಆ ಕಾಲದ ಸೆಟ್ಟುಗಳಲ್ಲಿ ನಾನು ಇದನ್ನು ಕಣ್ಣಾರೆ ನೋಡುತ್ತೇನೆ. ಈಚೆಗೆ ಒಂದು ವಾಲ್ವ್ ರೇಡಿಯೊ ಬಂದಿತ್ತು. ತೇಗದ ಪೆಟ್ಟಿಗೆ, ಮುಂದೆ ಹಳದಿ ತಿರುಗಿದ ಬಟ್ಟೆ. ಡಯಲ್ ಗಾಜಿನ ಧೂಳು ಒರೆಸಿದಾಗ ಎರಡು ಕಡೆ ಕೆಂಪು ಚುಕ್ಕಿ ಕಾಣಿಸಿತು, ಉಗುರಿಗೆ ಹಚ್ಚುವ ಬಣ್ಣದಲ್ಲಿ ಇಟ್ಟದ್ದು. ಒಂದು ಮೀಡಿಯಂ ವೇವಿನಲ್ಲಿ, ಬೆಂಗಳೂರು ಸಿಗುವ ಜಾಗ. ಇನ್ನೊಂದು ಶಾರ್ಟ್ ವೇವಿನಲ್ಲಿ, ಸಿಲೋನ್ ಸಿಗುವ ಜಾಗ. ಮೀಡಿಯಂ ವೇವಿನ ಚುಕ್ಕಿ ಹೊಸದರಂತೆ ಗುಂಡಗಿತ್ತು. ಸಿಲೋನಿನ ಚುಕ್ಕಿ ಸವೆದು ಅರ್ಧವಾಗಿತ್ತು. ಶಾರ್ಟ್ ವೇವ್ ಸ್ಟೇಷನ್ ಆಗಾಗ ಜಾರುತ್ತಿರುತ್ತದೆ, ಬೆರಳಿಟ್ಟು ಬೆರಳಿಟ್ಟು ಹುಡುಕಿದ್ದಾರೆ. ಸೆಟ್ಟು ತಂದ ಹುಡುಗ 'ಕ್ಲೀನ್ ಮಾಡಿಬಿಡಿ ಅಕ್ಕಾ' ಅಂದ. ಆ ಚುಕ್ಕಿಗಳನ್ನು ಮಾತ್ರ ಒರೆಸಲ್ಲ ಕಣಪ್ಪ ಅಂದೆ. ಯಾಕೆ ಅಂತ ಹೇಳಿದ ಮೇಲೆ ಅವನೂ ಒಪ್ಪಿದ.

ಸರ್ಕಾರಕ್ಕೂ ವಿಷಯ ಅರ್ಥವಾಯಿತು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಬಂತು. ಹಾಡು ಬೇಕೆಂದವರಿಗೆ ಹಾಡು. ಹತ್ತು ವರ್ಷ ಕಳೆದು, 1967ರಲ್ಲಿ, ಮುಂಬಯಿ-ಪುಣೆ-ನಾಗಪುರದಿಂದ ಶುರುವಾಗಿ ಅದರಲ್ಲಿ ಜಾಹೀರಾತೂ ಬಂತು. ಒಂದೇ ಸಂಸ್ಥೆಯ ಒಳಗೆ ಇಷ್ಟು ದೊಡ್ಡ ಬದಲಾವಣೆ ಆದದ್ದು ಕೇಳುಗರು ಮುಳ್ಳು ತಿರುಗಿಸಿದ್ದರಿಂದಲೇ. ಕೇಸ್ಕರ್ ಅವರ ಕಾಲದಲ್ಲಿ ಶಾಸ್ತ್ರೀಯ ಸಂಗೀತಗಾರರಿಗೆ ಕೆಲಸ, ಮರ್ಯಾದೆ ಎರಡೂ ಸಿಕ್ಕಿದ್ದು ನಿಜ. ಅದನ್ನು ನಾನು ಮರೆಯಲ್ಲ. ಆದರೆ ಜನರಿಗೆ ಏನು ಬೇಕು ಅಂತ ಒಬ್ಬರೇ ಕೂತು ತೀರ್ಮಾನಿಸಿದರೆ ಜನ ಬೇರೆ ಸ್ಟೇಷನ್ ಹಿಡಿಯುತ್ತಾರೆ.

ಮೈಸೂರಿಗೆ ಮತ್ತೆ ಸ್ವಂತ ಸ್ಟೇಷನ್ ಬಂದದ್ದು 1974ರಲ್ಲಿ. ಈಗ ಎಫ್‌ಎಂ 100.6ರಲ್ಲಿ ಕೇಳುತ್ತೀರಲ್ಲ, ಅದೇ.

ನಮ್ಮ ಅಣ್ಣನ ಮಗ ಷಿಕಾಗೊದಲ್ಲಿದ್ದಾನೆ. ಅಲ್ಲಿ ಎಎಂ ಸ್ಟೇಷನ್ನುಗಳನ್ನ ಸೈಟ್ ಮಾರಿದ ಹಾಗೆ ಮಾರ್ತಾರಂತೆ, ರಾತ್ರೋರಾತ್ರಿ ಕಾರ್ಯಕ್ರಮ ಎಲ್ಲಾ ಬದಲಾಗುತ್ತಂತೆ. ಹೌದಾ?
*ಗೃಹಿಣಿ, ಮಂಡ್ಯ*

ಹೌದು. ಎಎಂ ಅಂದರೆ ನಾವು ಮೀಡಿಯಂ ವೇವ್ ಅನ್ನುತ್ತೇವಲ್ಲ, ಅದೇ. ಷಿಕಾಗೊದ್ದೇ ಒಂದು ಸ್ಟೇಷನ್ ಹೇಳುತ್ತೇನೆ. ಡಬ್ಲ್ಯುಎಲ್‌ಎಸ್, ಮೀಡಿಯಂ ವೇವ್ 890. ರೇಡಿಯೊ ಮಂದಿಯ ನಡುವೆ ಬಹಳ ಹೆಸರುವಾಸಿ.

1924ರಲ್ಲಿ ಅದನ್ನು ಶುರು ಮಾಡಿದ್ದು ಸಿಯರ್ಸ್ ಅನ್ನುವ ದೊಡ್ಡ ಅಂಗಡಿ ಕಂಪನಿ. 'ಜಗತ್ತಿನ ಅತಿ ದೊಡ್ಡ ಅಂಗಡಿ' ಅನ್ನುವುದರ ಇಂಗ್ಲಿಷ್ ಮೊದಲಕ್ಷರಗಳೇ ಸ್ಟೇಷನ್ನಿನ ಹೆಸರು. ಹಳ್ಳಿಯ ರೈತರು ಅಂಚೆಯ ಮೂಲಕ ಅವರಿಂದ ಸಾಮಾನು ತರಿಸುತ್ತಿದ್ದರು. ಅವರಿಗಾಗಿ ಬೆಳೆ, ಹವಾಮಾನ, ಪೇಟೆ ಧಾರಣೆ, ಮತ್ತೆ ಶನಿವಾರ ರಾತ್ರಿ 'ನ್ಯಾಷನಲ್ ಬಾರ್ನ್ ಡಾನ್ಸ್' ಅನ್ನುವ ಹಳ್ಳಿ ಹಾಡಿನ ಕಾರ್ಯಕ್ರಮ. 1928ರಲ್ಲಿ ಸಿಯರ್ಸ್ ಅದನ್ನು 'ಪ್ರೇರಿ ಫಾರ್ಮರ್' ಅನ್ನುವ ಕೃಷಿ ಪತ್ರಿಕೆಯವರಿಗೆ ಮಾರಿತು. ಯಜಮಾನರು ಬದಲಾದರು, ಕೇಳುಗರು ಬದಲಾಗಲಿಲ್ಲ. ರೈತರ ಸ್ಟೇಷನ್ ರೈತರ ಸ್ಟೇಷನ್ನಾಗಿಯೇ ಮೂವತ್ತು ವರ್ಷ ನಡೆಯಿತು.

ಆಮೇಲೆ ಎಬಿಸಿ ನೆಟ್‌ವರ್ಕ್ ಕೊಂಡುಕೊಂಡಿತು. 1960ರ ಮೇ 2ರಿಂದ ಅದು ರಾಕ್ ಹಾಡಿನ ಸ್ಟೇಷನ್. ಜೋಳದ ಧಾರಣೆ ಹಿಂದೆ ಸರಿಯಿತು, ಬಾರ್ನ್ ಡಾನ್ಸ್ ಜಾಗ ಖಾಲಿ ಮಾಡಿತು, ಹದಿಹರೆಯದವರು ಕೇಳತೊಡಗಿದರು. ಐವತ್ತು ಸಾವಿರ ವ್ಯಾಟ್ ಶಕ್ತಿ, ರಾತ್ರಿ ಹೊತ್ತು ಹತ್ತಾರು ರಾಜ್ಯಗಳಿಗೆ ಕೇಳಿಸುತ್ತಿತ್ತು. ಜನಪ್ರಿಯತೆ ಅಂದರೆ ಅಷ್ಟಿಷ್ಟಲ್ಲ. ಹಾಡಿಗೆ ಎಫ್‌ಎಂ ಚೆನ್ನ ಅಂತ ಜನ ಅತ್ತ ಹೋದ ಮೇಲೆ, 1989ರಲ್ಲಿ ಹಾಡನ್ನೂ ಬಿಟ್ಟು ಪೂರ್ತಿ ಮಾತಿನ ಸ್ಟೇಷನ್ ಆಯಿತು. ಅದಾದ ಮೇಲೂ ಎರಡು ಸಲ ಬೇರೆ ಕಂಪನಿಗಳ ಪಾಲಾಗಿದೆ. ಹೆಸರಿನ ಮೂರು ಅಕ್ಷರ, ಡಯಲ್ಲಿನ ಜಾಗ ಎರಡೂ ಅವೇ ಇವೆ.

ನಮ್ಮ ದೇಶದಲ್ಲಿ ಹಾಗೆ ಎಎಂ ಸ್ಟೇಷನ್ ಮಾರಲು ಬರುವುದಿಲ್ಲ. ಖಾಸಗಿಯವರಿಗೆ ಕೊಟ್ಟಿರುವುದು ಎಫ್‌ಎಂ ಮಾತ್ರ. ಮೀಡಿಯಂ ವೇವ್ ಇಡಿಯಾಗಿ ಆಕಾಶವಾಣಿಯದ್ದೇ. ಅಲ್ಲಿನ ಪದ್ಧತಿಯಲ್ಲಿ ಒಂದು ಒಳ್ಳೆಯದಿದೆ. ಕೇಳುಗರು ಬಿಟ್ಟು ಹೋದರೆ ಕೂಡಲೇ ಗೊತ್ತಾಗುತ್ತದೆ, ಏನಾದರೂ ಮಾಡಲೇಬೇಕು. ಆದರೆ 1960ರ ಆ ಬೇಸಿಗೆಯಲ್ಲಿ ಹೊಲದಿಂದ ಬಂದು ರೇಡಿಯೊ ಹಾಕಿದ ರೈತನ ಬಗ್ಗೆ ಯೋಚಿಸಿ. ಮೈಕು ಷಿಕಾಗೊದಲ್ಲೇ ಇತ್ತು, ಅವನ ಕಡೆ ಮಾತ್ರ ತಿರುಗಿರಲಿಲ್ಲ. ಅವನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ನಮ್ಮಲ್ಲಿ ಬೆಂಗಳೂರು ಆಕಾಶವಾಣಿಯ ಎ. ಎಸ್. ಮೂರ್ತಿಯವರನ್ನು 'ಈರಣ್ಣ' ಅಂತ ಹಳ್ಳಿ ಹಳ್ಳಿಯಲ್ಲಿ ಗುರುತಿಸುತ್ತಿದ್ದರಲ್ಲ, ಅಂಥ ದನಿ ಒಂದು ಬೆಳಿಗ್ಗೆ ಹೇಳದೆ ಕೇಳದೆ ನಿಂತರೆ ಹೇಗಿರುತ್ತದೆ?

ಅಟ್ಟ ಶುಚಿ ಮಾಡುವಾಗ ತಾತನ ಹೆಸರಿನ ಒಂದು ಚಿಕ್ಕ ಪುಸ್ತಕ ಸಿಕ್ಕಿತು. ರೇಡಿಯೊ ಲೈಸೆನ್ಸ್ ಅಂತಿದೆ, ಒಳಗೆ ಅಂಚೆ ಕಚೇರಿಯ ಸ್ಟಾಂಪುಗಳಿವೆ. ತಾತ ರೇಡಿಯೊ ಸ್ಟೇಷನ್ ನಡೆಸುತ್ತಿದ್ದರಾ?
*ಓದುಗರು, ತುಮಕೂರು*

ಇಲ್ಲ, ಕೇಳುತ್ತಿದ್ದರು. ಆಗ ಮನೆಯಲ್ಲಿ ರೇಡಿಯೊ ಇಟ್ಟುಕೊಳ್ಳಲೂ ಲೈಸೆನ್ಸ್ ಬೇಕಿತ್ತು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟಿ ಸ್ಟಾಂಪು ಹಾಕಿಸಿಕೊಳ್ಳಬೇಕು. 1980ರ ದಶಕದಲ್ಲಿ ಅದು ಪೂರ್ತಿ ರದ್ದಾಯಿತು. ಪುಸ್ತಕವನ್ನು ಎಸೆಯಬೇಡಿ. ಲ್ಯಾಮಿನೇಷನ್ ಮಾಡಿಸಬೇಡಿ, ಕಾಗದ ಹಾಳಾಗುತ್ತದೆ. ಒಣಗಿದ ಜಾಗದಲ್ಲಿ ಬಿಳಿ ಕಾಗದ ಸುತ್ತಿಡಿ. ರೇಡಿಯೊ ಯಾರದ್ದು ಅನ್ನುವ ಚರ್ಚೆಯಲ್ಲಿ ನಿಮ್ಮ ತಾತನಿಗೂ ಒಂದು ಪಾಲಿದೆ ಅನ್ನುವುದಕ್ಕೆ ಅದು ರಸೀತಿ.

ನಾವು ಎಸ್ಟೇಟಿನಲ್ಲಿರೋದು. ಎಫ್‌ಎಂ ಗುಡ್ಡ ಇಳಿದರೆ ಮಾತ್ರ ಸಿಗುತ್ತೆ. ಮೀಡಿಯಂ ವೇವ್ ಬೆಂಗಳೂರು ಒಂದೇ ನಮಗೆ ಗತಿ. ಅದನ್ನೂ ಮುಚ್ತಾರೆ ಅಂತಾರಲ್ಲ, ಎಫ್‌ಎಂ ಇದ್ದ ಮೇಲೆ ಇದ್ಯಾಕೆ ಅಂತಾರಲ್ಲ, ಅವರಿಗೆ ಏನು ಹೇಳೋದು ಅಕ್ಕಾ?
*ತೋಟದ ಮೇಸ್ತ್ರಿ, ಸೋಮವಾರಪೇಟೆ ಕಡೆಯವರು*

ನಿಮ್ಮ ಪತ್ರವನ್ನೇ ಅವರಿಗೆ ಓದಿಸಬೇಕು ಅಣ್ಣ.

ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರ ಹೋಗುತ್ತದೆ. ಎದುರಿಗೆ ಗುಡ್ಡ ಬಂದರೆ ಹಿಂದಿನ ಊರಿಗೆ ನೆರಳು. ಮೀಡಿಯಂ ವೇವ್ ಹಾಗಲ್ಲ. ಬೆಂಗಳೂರಿನದ್ದು 612 ಕಿಲೋಹರ್ಟ್ಸ್. ಅದರ ಒಂದೊಂದು ಅಲೆಯ ಉದ್ದ 490 ಮೀಟರ್, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್. ಅಷ್ಟು ಉದ್ದದ ಅಲೆ ನೆಲ ಹಿಡಿದು, ಗುಡ್ಡ ಬಳಸಿ ಇಳಿಯುತ್ತದೆ. ಕತ್ತಲಾದ ಮೇಲೆ ಮೇಲಿನ ವಾಯುಮಂಡಲಕ್ಕೆ ತಾಗಿ ವಾಪಸ್ ಬಂದು ಇನ್ನೂ ದೂರದ ಊರುಗಳನ್ನೂ ಮುಟ್ಟುತ್ತದೆ. ಹಗಲು ಸಿಗದ ಸ್ಟೇಷನ್ನುಗಳು ನಿಮಗೆ ರಾತ್ರಿ ಸಿಗುವುದು ಇದರಿಂದಲೇ.

ಮುಚ್ಚುವವರ ವಾದವನ್ನೂ ಕೇಳೋಣ, ಅದರಲ್ಲೂ ಸತ್ಯ ಇದೆ. ಬೆಂಗಳೂರು, ಧಾರವಾಡದ ಮೀಡಿಯಂ ವೇವ್ ಟ್ರಾನ್ಸ್‌ಮಿಟರುಗಳ ಶಕ್ತಿ ತಲಾ 200 ಕಿಲೋವ್ಯಾಟ್. ಅಂದರೆ ಗಂಟೆಗೆ 200 ಯೂನಿಟ್ಟಿಗಿಂತ ಜಾಸ್ತಿ ಕರೆಂಟು, ಅದೂ ಕೂಲಿಂಗ್ ಖರ್ಚು ಬಿಟ್ಟು. ಇದರ ಮುಂದೆ 10 ಕಿಲೋವ್ಯಾಟಿನ ಎಫ್‌ಎಂ ಖರ್ಚು ಏನೂ ಅಲ್ಲ. ಅಲೆ ಉದ್ದ ಇದ್ದಷ್ಟೂ ಕಂಬ ಎತ್ತರ ಇರಬೇಕು. 612ಕ್ಕೆ ಅಲೆಯ ಕಾಲು ಭಾಗ ಲೆಕ್ಕ ಹಾಕಿದರೂ 120 ಮೀಟರ್ ದಾಟುತ್ತದೆ. ಕಂಬದ ಬುಡದಲ್ಲಿ ಸುತ್ತಲೂ ನೆಲದೊಳಗೆ ತಾಮ್ರದ ತಂತಿ ಹರಡಿರಬೇಕು. ಅದಕ್ಕೆ ಎಕರೆಗಟ್ಟಲೆ ಜಾಗ ಬೇಕು. ಊರು ಬೆಳೆದು ಆ ಜಾಗದ ಬೆಲೆ ಆಕಾಶಕ್ಕೆ ಹೋಗಿದೆ. ಹಳೆ ಟ್ರಾನ್ಸ್‌ಮಿಟರಿನ ಬಿಡಿಭಾಗ ಸಿಗುವುದು ಕಷ್ಟ. ಈಗಿನ ಮೊಬೈಲುಗಳಲ್ಲಿ ಮೀಡಿಯಂ ವೇವ್ ಇಲ್ಲವೇ ಇಲ್ಲ. ಇದೆಲ್ಲ ಸುಳ್ಳಲ್ಲ.

ಆದರೆ ಈ ಲೆಕ್ಕ ನಡೆಯುವುದು ಎಫ್‌ಎಂ ಎಲ್ಲ ಕಡೆ ತಲುಪುತ್ತದೆ ಅಂದುಕೊಂಡು. ನಕ್ಷೆಯ ಮೇಲೆ ಸ್ಟೇಷನ್ ಸುತ್ತ ಒಂದು ವೃತ್ತ ಎಳೆದು, ಇಷ್ಟು ಕಿಲೋಮೀಟರಿನ ಒಳಗೆ ಎಲ್ಲರಿಗೂ ಕೇಳುತ್ತದೆ ಅನ್ನುತ್ತಾರೆ. ಕೊಡಗಿನಲ್ಲಿ, ಮಲೆನಾಡಿನಲ್ಲಿ ಆ ವೃತ್ತದ ಒಳಗೇ ಎಷ್ಟೋ ಮನೆಗಳಿಗೆ ಕೇಳಲ್ಲ. ಮಡಿಕೇರಿಯಲ್ಲಿ ಆಕಾಶವಾಣಿ ಎಫ್‌ಎಂ ಇದೆ, ಅದು ದೊಡ್ಡ ಉಪಕಾರ. ನಿಮ್ಮ ಗುಡ್ಡದ ಹಿಂದೆ ಅದು ಬಗ್ಗಿ ಬರಲ್ಲ ಅಷ್ಟೇ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗಿ, ಟವರ್ ಡೀಸೆಲ್ ಮುಗಿದು ಮೊಬೈಲ್ ಸತ್ತ ಮೇಲೆ ಎರಡು ಸೆಲ್ಲಿನ ರೇಡಿಯೊ ಮಾತಾಡುತ್ತಿರುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಇದರ ಬೆಲೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಡಿಜಿಟಲ್ ಅನ್ನುವ ಇನ್ನೊಂದು ದಾರಿಯೂ ಇದೆ. ಡಿಆರ್‌ಎಂ ಅನ್ನುವ ಪದ್ಧತಿಯಲ್ಲಿ ಬೆಂಗಳೂರು ಸೇರಿ ದೇಶದ 35 ಮೀಡಿಯಂ ವೇವ್ ಟ್ರಾನ್ಸ್‌ಮಿಟರುಗಳನ್ನು ಸಜ್ಜು ಮಾಡಿದ್ದಾರೆ. ಗೊರಗೊರ ಇಲ್ಲದ ದನಿ, ಕರೆಂಟು ಕಡಿಮೆ, ಒಂದೇ ಅಲೆಯಲ್ಲಿ ಒಂದಕ್ಕಿಂತ ಹೆಚ್ಚು ಕಾರ್ಯಕ್ರಮ. ಕೆಲವು ಹೊಸ ಕಾರುಗಳಲ್ಲಿ ಅದರ ರಿಸೀವರ್ ಬರುತ್ತಿದೆ. ಆದರೆ ತೋಟದ ಲೈನಿನಲ್ಲಿರುವವರ ಕೈಗೆ ಎಟುಕುವ ಬೆಲೆಯ ಸೆಟ್ಟು ನನ್ನ ಬೆಂಚಿಗೆ ಇನ್ನೂ ಬಂದಿಲ್ಲ. ಸೆಟ್ಟು ಮೊದಲು ಬರಲಿ, ಹಳೆಯದನ್ನು ಆಮೇಲೆ ನಿಲ್ಲಿಸಲಿ. ಈ ಕ್ರಮ ತಿರುವುಮುರುವಾದರೆ ಪೆಟ್ಟು ಬೀಳುವುದು ನಿಮ್ಮಂಥವರಿಗೇ.

ನೀವು ಮಾಡಬೇಕಾದದ್ದು ಒಂದಿದೆ. ಸಿಗ್ನಲ್ ಯಾವ ಮನೆಯಲ್ಲಿ ಸಿಗುತ್ತದೆ, ಯಾವ ಮನೆಯಲ್ಲಿ ಸಿಗಲ್ಲ, ಯಾವ ಹೊತ್ತಿನಲ್ಲಿ, ಯಾವ ಸೆಟ್ಟಿನಲ್ಲಿ ಅಂತ ಬರೆದು ನಿಲಯದ ಮುಖ್ಯಸ್ಥರಿಗೆ ಕಳಿಸಿ. ಸುಮ್ನೆ 'ಕೇಳುತ್ತಿಲ್ಲ' ಅಂತ ಬರೆದರೆ ಕಡತಕ್ಕೆ ಹೋಗುತ್ತದೆ. ಲೈನ್ ಮನೆ, ಡಿಪೊ, ಆಸ್ಪತ್ರೆ ಅಂತ ಜಾಗ ಹಾಕಿ ಬರೆದರೆ ಎಂಜಿನಿಯರ್ ಕೈಗೆ ಹೋಗುತ್ತದೆ.

ನಾವು ಹುಣಸೂರು ತಾಲ್ಲೂಕಿನ ಒಂದಷ್ಟು ಹುಡುಗರು. ಗೋಪಾಲಸ್ವಾಮಿಯವರ ಹಾಗೆ ನಾವೂ ಮನೆಯಲ್ಲಿ ಒಂದು ಚಿಕ್ಕ ಎಎಂ ಸ್ಟೇಷನ್ ಮಾಡಬಹುದಾ? ಸರ್ಕ್ಯೂಟ್ ಕೊಡ್ತೀರಾ?
*ಐಟಿಐ ವಿದ್ಯಾರ್ಥಿಗಳು*

ಸರ್ಕ್ಯೂಟ್ ಕೊಡಲ್ಲಪ್ಪ. ಲೈಸೆನ್ಸ್ ಇಲ್ಲದೆ ಪ್ರಸಾರ ಮಾಡುವುದು ಅಪರಾಧ, ಚಿಕ್ಕದು ದೊಡ್ಡದು ಅಂತಿಲ್ಲ. ಎಎಂಗೆ ಲೈಸೆನ್ಸೂ ಸಿಗಲ್ಲ. ಆದರೆ ಆಸೆ ಬಿಡಬೇಡಿ, ದಾರಿ ಬೇರೆ ಇದೆ.

ಮೊದಲನೆಯದು ಸಮುದಾಯ ರೇಡಿಯೊ. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಿಂದ ಲಾಭಕ್ಕಾಗಿ ನಡೆಸದ ಸಂಘ ಸಂಸ್ಥೆಗಳಿಗೂ ಅವಕಾಶ ಇದೆ. ಎಫ್‌ಎಂನಲ್ಲಿ ನೂರು ವ್ಯಾಟ್, ಅಂದರೆ ನಿಮ್ಮ ಊರು ಮತ್ತು ಸುತ್ತಲಿನ ಹಳ್ಳಿ. ಒಬ್ಬೊಬ್ಬರ ಹೆಸರಿಗೆ ಕೊಡುವುದಿಲ್ಲ, ಪಕ್ಷಗಳಿಗೂ ಇಲ್ಲ. ಸಂಸ್ಥೆ ನೋಂದಣಿಯಾಗಿ ಕೆಲವು ವರ್ಷ ಊರಿನಲ್ಲಿ ಕೆಲಸ ಮಾಡಿರಬೇಕು. ಸ್ವಂತ ಸುದ್ದಿ ಓದುವ ಹಾಗಿಲ್ಲ, ಆಕಾಶವಾಣಿಯ ವಾರ್ತೆಯನ್ನು ಹಾಗೇ ಹಾಕಬಹುದು. ಈ ಸುದ್ದಿಯ ನಿರ್ಬಂಧ ನನಗೆ ಸರಿ ಕಾಣಲ್ಲ. ಪಕ್ಕದ ಸಂತೆಯಲ್ಲಿ ಏನಾಯಿತು ಅಂತ ಊರಿನ ರೇಡಿಯೊ ಹೇಳದೆ ಇನ್ಯಾರು ಹೇಳಬೇಕು? ಆದರೂ ಬೆಳೆ, ಆರೋಗ್ಯ, ಹಾಡು, ಕಥೆ, ಊರಿನ ಹಿರಿಯರ ಮಾತು ಎಲ್ಲಕ್ಕೂ ಜಾಗ ಇದೆ. ನಿಮಗೆ ಹತ್ತಿರದಲ್ಲೇ, ಸರಗೂರಿನಲ್ಲಿ, 'ಜನಧ್ವನಿ' 90.8 ಇದೆ. ಒಮ್ಮೆ ಹೋಗಿ ಸ್ಟುಡಿಯೊ ನೋಡಿ ಬನ್ನಿ. ಗೋಪಾಲಸ್ವಾಮಿಯವರ ಮನೆಯಲ್ಲಿ ನಡೆದದ್ದಕ್ಕೆ ಇವತ್ತು ತೀರ ಹತ್ತಿರ ಇರುವುದು ಇಂಥ ಸ್ಟೇಷನ್ನೇ.

ಎರಡನೆಯದು, ನಿಮಗೆ ಸರ್ಕ್ಯೂಟ್ ಮೇಲೆ ಆಸೆ ಇದ್ದರೆ, ಹ್ಯಾಮ್ ಲೈಸೆನ್ಸ್, ಅಂದರೆ ಹವ್ಯಾಸಕ್ಕೆ ರೇಡಿಯೊ ನಡೆಸುವವರ ಲೈಸೆನ್ಸ್. ಕೇಂದ್ರ ಸರ್ಕಾರದ ಪರೀಕ್ಷೆ ಇರುತ್ತದೆ, ನಿಮ್ಮ ಓದಿಗೆ ಕಷ್ಟವಲ್ಲ. ಪಾಸಾದರೆ ಸ್ವಂತ ಟ್ರಾನ್ಸ್‌ಮಿಟರ್ ಕಟ್ಟಬಹುದು, ಬೇರೆ ಹ್ಯಾಮ್‌ಗಳ ಜೊತೆ ಮಾತಾಡಬಹುದು. ಹಾಡು ಹಾಕುವ ಹಾಗಿಲ್ಲ.

ಮೂರನೆಯದು, ಈಗಲೇ ಮಾಡಬಹುದಾದದ್ದು. ಆಕಾಶವಾಣಿಯ ಯುವ ಕಾರ್ಯಕ್ರಮಗಳಿಗೆ, ತಾತ್ಕಾಲಿಕ ಉದ್ಘೋಷಕರ ಪರೀಕ್ಷೆಗೆ ಕರೆ ಬಂದಾಗ ಅರ್ಜಿ ಹಾಕಿ. ಬೇರೆ ಊರಿನ ಕಾರ್ಯಕ್ರಮದ ರಿಲೇ ಜಾಸ್ತಿ, ನಮ್ಮೂರ ದನಿ ಕಡಿಮೆ ಅಂತ ಕೇಳುಗರು ನನ್ನ ಅಂಗಡಿಯಲ್ಲಿ ಕೂತು ಬೇಜಾರು ಮಾಡಿಕೊಳ್ಳುತ್ತಾರೆ. ನಮ್ಮೂರ ದನಿ ಬೇಕು ಅಂದರೆ ನಮ್ಮೂರವರು ಅಲ್ಲಿ ಇರಬೇಕು ತಾನೆ.

ಅಕ್ಕಾ, ಬೆಂಗಳೂರು 612 ಮೊದಲು ಸ್ಪಷ್ಟ ಬರ್ತಿತ್ತು. ಈಗ ಬರೀ ಗುಂಯ್ ಅನ್ನುತ್ತೆ. ಸ್ಟೇಷನ್ನಿನ ಪವರ್ ಇಳಿಸಿದಾರಾ, ನನ್ನ ಸೆಟ್ಟು ಕೆಟ್ಟಿದ್ಯಾ?
*ದಿನಸಿ ಅಂಗಡಿಯವರು, ಕೊಳ್ಳೇಗಾಲ*

ಎರಡೂ ಅಲ್ಲದೇ ಇರಬಹುದು. ಮೊದಲು ಸೆಟ್ಟನ್ನು ಸೆಲ್ಲಿನ ಮೇಲೆ ಹಾಕಿ, ಅಂಗಡಿಯ ಮೇನ್ ಸ್ವಿಚ್ಚನ್ನು ಒಂದು ನಿಮಿಷ ಆಫ್ ಮಾಡಿ ಕೇಳಿ. ಗುಂಯ್ ನಿಂತರೆ ತಪ್ಪು ನಿಮ್ಮ ಎಲ್‌ಇಡಿ ಬಲ್ಬಿನದ್ದು, ಮೊಬೈಲ್ ಚಾರ್ಜರಿನದ್ದು ಅಥವಾ ತೂಕದ ಮೆಷಿನ್ನಿನ ಅಡಾಪ್ಟರಿನದ್ದು. ಒಂದೊಂದೇ ಹಾಕುತ್ತ ಬನ್ನಿ, ಯಾವುದು ಅಂತ ಗೊತ್ತಾಗುತ್ತದೆ. ಅಗ್ಗದ ಎಲ್‌ಇಡಿಗಳೇ ಸಾಮಾನ್ಯವಾಗಿ ಸಿಕ್ಕಿಬೀಳುವುದು.

ಆಮೇಲೆ ಸೆಟ್ಟನ್ನು ನಿಧಾನ ತಿರುಗಿಸಿ ನೋಡಿ. ಮೀಡಿಯಂ ವೇವಿಗೆ ಮೇಲಿನ ಉದ್ದ ಕಡ್ಡಿ ಏರಿಯಲ್ ಲೆಕ್ಕಕ್ಕಿಲ್ಲ, ಅದು ಶಾರ್ಟ್ ವೇವ್, ಎಫ್‌ಎಂಗೆ. ಒಳಗೆ ಪೆನ್ಸಿಲಿನ ಹಾಗೆ ಕಪ್ಪು ಫೆರೈಟ್ ರಾಡ್ ಮಲಗಿರುತ್ತದೆ, ಅದರ ಮೇಲೆ ಸಣ್ಣ ತಂತಿ ಸುತ್ತಿರುತ್ತಾರೆ. ರಾಡಿನ ಪಕ್ಕ ಸ್ಟೇಷನ್ ಕಡೆ ಇದ್ದರೆ ದನಿ ಜೋರು, ತುದಿ ಸ್ಟೇಷನ್ ಕಡೆ ಇದ್ದರೆ ದನಿ ಬೀಳುತ್ತದೆ. ನಿಮಗೆ ಬೆಂಗಳೂರು ಉತ್ತರಕ್ಕೆ. ಹೆಚ್ಚಿನ ಸೆಟ್ಟುಗಳಲ್ಲಿ ರಾಡು ಅಡ್ಡಕ್ಕೆ ಇರುತ್ತದೆ. ಹಾಗಾಗಿ ರೇಡಿಯೊದ ಮುಖ ಉತ್ತರಕ್ಕೋ ದಕ್ಷಿಣಕ್ಕೋ ಇರುವಂತೆ ಇಡಿ. ಕಬ್ಬಿಣದ ಷೆಲ್ಫಿನ ಮೇಲೆ ಇಟ್ಟಿದ್ದರೆ ಮೊದಲು ಅಲ್ಲಿಂದ ತೆಗೆದು ಮರದ ಹಲಗೆ ಮೇಲೆ ಇಡಿ.

ಇಷ್ಟಾದರೂ ಗುಂಯ್ ಅಂದರೆ ಸೆಟ್ಟನ್ನು ಬಸ್ಸಿನಲ್ಲಿ ಕಳಿಸಿ, ನೋಡುತ್ತೇನೆ. ಸೆಲ್ಲು ತೆಗೆದು ಕಳಿಸಿ. ದಾರಿಯಲ್ಲಿ ಸೋರಿದರೆ ಸ್ಪ್ರಿಂಗು, ಸರ್ಕ್ಯೂಟು ಎರಡೂ ಹಸಿರು ಹಿಡಿಯುತ್ತವೆ.